ಯಡ್ತರೆಯಲ್ಲಿ ಕಾಲು ಕಚ್ಚಿಕೊಂಡ ನಾಯಿ

1944ರ ಮಳೆಗಾಲದಲ್ಲಿ ನಾನು ಕುಂದಾಪುರ ತಾಲೂಕಿನ ವೆಟರಿನರಿ ಅಸಿಸ್ಟೆಂಟ್ ಸರ್ಜನ್ ಆಗಿದ್ದೆ. ಹುದ್ದೆಯ ಹೆಸರು ಮಾರುದ್ದ, ಮರ್ಯಾದೆ ಗೇಣುದ್ದ. ಜನರ ಬಾಯಲ್ಲಿ ನಾನು ದನದ ಡಾಕ್ಟ್ರು, ಬೆನ್ನ ಹಿಂದೆ ಕುನ್ನಿ ಡಾಕ್ಟ್ರು. ಬ್ರಹ್ಮಾವರದಿಂದ ಬಡಗು ದಿಕ್ಕಿಗೆ, ಸಾಲಿಗ್ರಾಮದ ಹತ್ತಿರ ನಮ್ಮ ಮನೆ. ತಲೆತಲಾಂತರದಿಂದ ದೇವಸ್ಥಾನದ ಚಾಕರಿ. ರಜೆಯಲ್ಲಿ ಮನೆಗೆ ಹೋದರೆ ದೊಡ್ಡಪ್ಪ ಜಗಲಿಯಿಂದಲೇ ಕೂಗುತ್ತಿದ್ದರು: "ನಾಯಿ ಮುಟ್ಟಿದ್ ಕೈಯಂಗೆ ಬಾವಿ ಹಗ್ಗ ಮುಟ್ಬೇಡ, ಅಲ್ಲೇ ನಿಲ್!" ಸ್ವಂತ ಮನೆಯಲ್ಲೇ ಹೀಗಾದರೆ ಪರವೂರಿನವರಿಂದ ಪ್ರೀತಿ ಬಯಸುವುದು ಎಲ್ಲಿ ಬಂತು? ನಾನು ಬಯಸುತ್ತಲೂ ಇರಲಿಲ್ಲ. ಸಿಟ್ಟು ನನ್ನ ಮೂಗಿನ ತುದಿಯಲ್ಲೇ ಇತ್ತು. ಅದಕ್ಕೆ ಊರೂರಿನವರು ದಿನಾ ಒಗ್ಗರಣೆ ಹಾಕುತ್ತಿದ್ದರು.

ಆ ವರ್ಷ ಶಂಕರನಾರಾಯಣ, ಸಿದ್ದಾಪುರದ ಕಡೆ ದೊಡ್ಡರೋಗ ಕಾಣಿಸಿಕೊಂಡಿತ್ತು. ನಮ್ಮ ಪುಸ್ತಕದಲ್ಲಿ ಅದರ ಹೆಸರು ರಿಂಡರ್‌ಪೆಸ್ಟ್. ಒಂದು ಹಟ್ಟಿಗೆ ಹೊಕ್ಕರೆ ಹಟ್ಟಿ ಬರಿದಾಗುವ ರೋಗ. ಅದಕ್ಕೆ ನನ್ನ ಕೈಯಲ್ಲಿ ಚುಚ್ಚುಮದ್ದು ಇತ್ತು, ಚುಚ್ಚಿಸಿಕೊಳ್ಳುವವರು ಇರಲಿಲ್ಲ. ಯುದ್ಧದ ಕಾಲ. ಸರಕಾರ ದನಗಳನ್ನು ಎಣಿಸುತ್ತಿದೆ, ಆಮೇಲೆ ಪಟಾಲಮ್ಮಿನ ಊಟಕ್ಕೆ ಹೊಡೆದುಕೊಂಡು ಹೋಗುತ್ತದೆ ಎಂದು ಯಾರೋ ಪುಣ್ಯಾತ್ಮರು ಸುದ್ದಿ ಹಬ್ಬಿಸಿದ್ದರು. ಸಿದ್ದಾಪುರದಲ್ಲಿ ನನ್ನ ಖಾಕಿ ಚಡ್ಡಿ ಕಂಡದ್ದೇ ಒಂದು ಮನೆಯವರು ಹಟ್ಟಿಯ ದನವನ್ನೆಲ್ಲ ಗುಡ್ಡಕ್ಕೆ ಅಟ್ಟಿದರು. ಶಂಕರನಾರಾಯಣದಲ್ಲಿ ಒಬ್ಬ, "ನಿಮ್ ಸೂಜಿ ಚುಚ್ಚಿದ್ ನಮ್ ಎಮ್ಮಿ ಸತ್ತ್ ಹೋಯ್ತ್" ಎಂದು ಮುಖಕ್ಕೇ ಹೇಳಿದ. ನಾನು ಆ ಊರಿಗೆ ಕಾಲಿಟ್ಟದ್ದು ಅದೇ ಮೊದಲು.

ಇಂಥ ಸ್ಥಿತಿಯಲ್ಲಿ ನಾನು ಬೈಂದೂರಿನಲ್ಲಿ ಕ್ಯಾಂಪ್ ಹಾಕಿದೆ. ಪೆಟ್ರೋಲ್ ಇಲ್ಲದೆ ಇದ್ದಿಲ ಗ್ಯಾಸಿನಲ್ಲಿ ಓಡುತ್ತಿದ್ದ ಬಸ್ಸು, ಏರು ಬಂದಲ್ಲೆಲ್ಲ ಇಳಿದು ದೂಡಬೇಕು. ದಾರಿಯಲ್ಲಿ ಹೊಳೆ ದಾಟಲು ದೋಣಿ. ಅಂತೂ ಬಂದು ಸೇರಿದೆ. ಮೊದಲು ಯಡ್ತರೆ ಮುಗಿಸುವುದೆಂದು ಅಲ್ಲಿನ ಪಟೇಲರಿಗೆ ಹೇಳಿಕಳಿಸಿದೆ. ಮರುದಿನ ಬೆಳಿಗ್ಗೆ ದನಗಳನ್ನು ಬಯಲಿಗೆ ತರಬೇಕೆಂದು ಊರಿನ ಉಗ್ರಾಣಿ ಮನೆಮನೆಗೆ ಸಾರಿಯೂ ಬಂದ.

ಮರುದಿನ ಬಯಲಿನಲ್ಲಿ ಒಂದು ಕರುವೂ ಇರಲಿಲ್ಲ. ಪಟೇಲರು ಇದ್ದರು, ಅವರ ಹಿಂದೆ ಹತ್ತು ಹನ್ನೆರಡು ಗಂಡಸರು. ಮುಂದೆ ನಿಂತವನ ಹೆಗಲ ಮೇಲೆ ಹಂದಿ ಹೊಡೆಯುವ ಕೋವಿ. ಅವನ ಹೆಸರು ಮಂಜಯ್ಯ.

"ಡಾಕ್ಟ್ರೇ, ನೀವ್ ಬಂದದ್ದ್ ಒಳ್ಳೇದಾಯ್ತ್" ಎಂದರು ಪಟೇಲರು. "ಊರಂಗೊಂದ್ ಹುಚ್ಚ್ ನಾಯಿ ಇತ್ತ್. ಹುಚ್ಚ್ ಅಂದೇಳಿ ನೀವೊಂದ್ ಮಾತ್ ಹೇಳಿ. ಮುಂದಿನ್ ಕೆಲ್ಸ ನಾವ್ ಕಾಂತೊ."

ದನಕ್ಕೆ ಬೇಡವಾದ ಸರಕಾರಿ ಡಾಕ್ಟರು ನಾಯಿ ಕೊಲ್ಲಲು ಬೇಕಾದ! ನನಗೆ ಮೈಯೆಲ್ಲ ಉರಿಯಿತು. ವಿಚಾರಿಸಿದಾಗ ಸಂಗತಿ ಹೊರಬಿತ್ತು. ನಾಯಿಯ ಹೆಸರು ಕೆಂಚ. ಅದರ ಒಡತಿ ಅಕ್ಕಣಿ, ಗುಡ್ಡದ ಬುಡದಲ್ಲಿ ಗದ್ದೆ ಮಾಡಿಕೊಂಡು ಒಬ್ಬಳೇ ಇದ್ದ ವಿಧವೆ. ಕೆಲವು ದಿನಗಳಿಂದ ನಾಯಿ ತನ್ನ ಮುಂಗಾಲುಗಳನ್ನು ತಾನೇ ರಕ್ತ ಬರುವ ಹಾಗೆ ಕಚ್ಚಿಕೊಳ್ಳುತ್ತಿತ್ತು. ಬಾಯಲ್ಲಿ ಜೊಲ್ಲು. ಅನ್ನ ಮುಟ್ಟುವುದಿಲ್ಲ, ನೀರಿನ ಬೋಗುಣಿ ಇಟ್ಟರೆ ಮುಖ ತಿರುಗಿಸುತ್ತದೆ. ಹಿಂದಿನ ದಿನ ಹುಲ್ಲಿನ ಹೊರೆ ಹೊತ್ತುಕೊಂಡು ಹತ್ತಿರದಿಂದ ಹಾದುಹೋದ ಮಂಜಯ್ಯನ ಮಗಳ ಕೈಗೆ ಹಲ್ಲು ತಾಗಿಸಿತ್ತು. ಹುಡುಗಿಗೆ ಎಂಟು ವರ್ಷ. ಮಂಜಯ್ಯನಿಗೂ ಅಕ್ಕಣಿಗೂ ಗದ್ದೆಗೆ ನೀರು ಬಿಡುವ ಕಣಿಯ ವಿಷಯದಲ್ಲಿ ಹಳೆಯ ಹಗೆ. ಮಂಜಯ್ಯನೇ ನನ್ನ ನಾಯಿಗೆ ವಿಷ ಹಾಕಿದ್ದಾನೆ ಎಂದು ಅವಳು ಊರೆಲ್ಲ ಸಾರಿದ್ದಳು. ಸರಕಾರದವರ ಮಾತಿಲ್ಲದೆ ನಾಯಿಗೆ ಗುಂಡು ಹಾಕಿದರೆ ಕುಂದಾಪುರದ ಕೋರ್ಟಿಗೆ ಎಳೆಯುತ್ತೇನೆ ಎಂದೂ ಹೆದರಿಸಿದ್ದಳು. ಆದ್ದರಿಂದಲೇ ಅವರಿಗೆ ನನ್ನ ಒಂದು ಮಾತು ಬೇಕಾಗಿತ್ತು.

ಎಲ್ಲರೂ ಅಕ್ಕಣಿಯ ಮನೆಗೆ ಹೋದೆವು. ಅವಳು ಬೇಲಿಯ ತಡಮೆಯ ಒಳಗೆ ಕತ್ತಿ ಹಿಡಿದು ನಿಂತಿದ್ದಳು. ಐವತ್ತರ ಹತ್ತಿರದ ಕಡ್ಡಿಯಂಥ ಹೆಂಗಸು, ಕಣ್ಣು ಮಾತ್ರ ಕೆಂಡ.

"ಹ್ವಾಯ್, ಅಲ್ಲೇ ನಿಲ್ಲಿ! ನನ್ ನಾಯಿ ಕೊಲ್ಲುಕ್ ಸರ್ಕಾರ್ದ್ ಸಂಬಳ ತಿಂಬ್ದಾ ನೀವ್?"

"ಕೊಲ್ಲುಕ್ ಅಲ್ಲ, ಕಾಂಬುಕ್ ಬಂದದ್ದ್" ಎಂದೆ. ನಾನೂ ಆ ಕಡೆಯವನೇ, ನಮ್ಮ ಮಾತಿನಲ್ಲೇ ಬೈಯಲು ನನಗೂ ಬರುತ್ತಿತ್ತು. "ಕತ್ತಿ ಕೆಳಗಿಡಿ ಅಕ್ಕ. ನೀವ್ ನನ್ನ್ ಕಡಿದ್ರೆ ಅದ್ಕೆ ಮದ್ದ್ ಮಾಡುದ್ ಯಾರ್?"

ಅವಳು ಕತ್ತಿ ಕೆಳಗಿಡಲಿಲ್ಲ, ದಾರಿ ಬಿಟ್ಟಳು. ಆ ಗದ್ದೆಯ ಮೇಲ್ಬದಿ ಪೂರಾ ಕಾಡು. ಕದಿರು ಬರುವ ಹೊತ್ತಿಗೆ ಹಂದಿ ಇಳಿಯುತ್ತದೆ. ಅದನ್ನು ತಡೆಯಲು ಗಂಡಸರಿರುವ ಮನೆಗಳಲ್ಲಿ ಮಾಳ ಎಂಬ ಅಟ್ಟಣೆ ಹಾಕಿ ರಾತ್ರಿಯಿಡೀ ಕಾಯುತ್ತಾರೆ. ಅವಳಿಗಿದ್ದ ಗಂಡಸು ಕೆಂಚ ಒಬ್ಬನೇ. ಅಕ್ಕಿ ಸಿಗದ ಆ ಯುದ್ಧದ ವರ್ಷದಲ್ಲಿ ಅದು ಸತ್ತರೆ ಅವಳ ಗದ್ದೆ ಹಂದಿಯ ಪಾಲು. ಅವಳ ಕಣ್ಣಿನ ಕೆಂಡಕ್ಕೆ ಕಾರಣ ಬೇರೆ ಬೇಕಿರಲಿಲ್ಲ.

ಹುಚ್ಚು ನಾಯಿ ರೋಗ ಎಂದರೆ ರೇಬಿಸ್. ಕಣ್ಣು ನೋಡಿಯೇ ಹೇಳುತ್ತೇನೆ ಎನ್ನುವ ಪಂಡಿತರು ಪ್ರತಿ ಊರಲ್ಲೂ ಇರುತ್ತಾರೆ. ಅಂಥವರನ್ನು ಹುಚ್ಚು ನಾಯಿ ಕಟ್ಟಿದ ಗೂಟಕ್ಕೇ ಕಟ್ಟಬೇಕು. ನೀರಿಗೆ ಹೆದರುವುದು ಆ ರೋಗ ಬಂದ ಮನುಷ್ಯನ ಲಕ್ಷಣ. ನಾಯಿಯಲ್ಲಿ ಮೊದಲು ಸ್ವಭಾವ ಬದಲಾಗುತ್ತದೆ, ಬೊಗಳುವ ದನಿ ಒಡೆಯುತ್ತದೆ, ಕೆಳದವಡೆ ಜೋತು ಬೀಳುತ್ತದೆ, ಸಾಕಿದವರ ಗುರುತು ಹತ್ತುವುದಿಲ್ಲ. ಕೆಂಚ ಕೊಟ್ಟಿಗೆಯ ಕಂಬಕ್ಕೆ ಕಟ್ಟಿಸಿಕೊಂಡು ಒದ್ದೆ ನೆಲದಲ್ಲಿ ಮಲಗಿತ್ತು. ಅಕ್ಕಣಿ ಅದರ ಹೆಸರು ಹಿಡಿದು ಕರೆದಾಗ ಬಾಲದ ತುದಿ ಎರಡು ಸಲ ಆಡಿತು. ದವಡೆ ಗಟ್ಟಿಯಾಗಿಯೇ ಇತ್ತು. ಹಾಗೆಂದು ನಾನು ಬಾಯಿಯ ಹತ್ತಿರ ಕೈ ಒಯ್ಯಲಿಲ್ಲ. ಧೈರ್ಯ ತೋರಿಸಿ ಸತ್ತ ಡಾಕ್ಟರುಗಳ ಕಥೆ ನಮಗೆ ಕಾಲೇಜಿನಲ್ಲೇ ಹೇಳಿರುತ್ತಾರೆ.

ಮಾರು ದೂರದಲ್ಲಿ ಕುಕ್ಕರಗಾಲಲ್ಲಿ ಕೂತು ನೋಡಿದೆ. ಮುಂಗಾಲಿನ ಬೆರಳ ಸಂದುಗಳಲ್ಲಿ ಚರ್ಮ ಸುಲಿದು ಕೆಂಪಾಗಿತ್ತು. ಅದರ ಸುತ್ತ ಕಪ್ಪು ಕಲೆ. ನಾಯಿ ಒಮ್ಮೆ ಕಾಲು ಕಚ್ಚಲು ಬಾಯಿ ತೆರೆಯಿತು. ತುಟಿಯ ಅಂಚಿನಲ್ಲಿ, ನಾಲಿಗೆಯ ಮೇಲೆ ಬೊಕ್ಕೆಗಳು. ಅಲ್ಲೂ ಅದೇ ಕಪ್ಪು. ಕಾಲಿನ ಕಪ್ಪು ಬಾಯಿಗೆ ಬಂದಿದೆ, ಅಷ್ಟು ಸ್ಪಷ್ಟ. ಆದರೆ ಕಾಲಿಗೆ ಕಪ್ಪು ಬಂದದ್ದು ಎಲ್ಲಿಂದ?

"ಕಂಡಾಯ್ತಲ್ದಾ? ಹೇಳಿ ಈಗ" ಎಂದು ಮಂಜಯ್ಯ ಕೋವಿ ಇಳಿಸಿದ. ಅಕ್ಕಣಿ ಅವನ ಕಡೆ ತಿರುಗಿ, "ವಿಷ ಹಾಕ್ದ್ ಕೈ ಹುಳ ಬಿದ್ ಹೋಯ್ಲಿ!" ಎಂದು ಬಲಗೈ ಚಾಚಿ ಶಪಿಸಿದಳು. ಆ ಕೈ ನನ್ನ ಮೂಗಿನ ಮುಂದೆಯೇ ಹಾದುಹೋಯಿತು. ಬೆರಳುಗಳ ತುದಿ ಕಪ್ಪಾಗಿ ಸಿಪ್ಪೆ ಏಳುತ್ತಿತ್ತು.

"ಅಕ್ಕ, ಕೈಗೆಂತ ಆಯ್ತ್?"

"ನನ್ ಕೈಗ್ ಎಂತ ಆರೆ ನಿಮ್ಗೆಂತ? ನೀವ್ ದನದ್ ಡಾಕ್ಟ್ರ್."

"ಹಂಗಾರೆ ನಾಯಿದೇ ಕೇಂತೆ. ಅದ್ರ್ ಕಾಲಿಗೆ ಎಂತ ಹಚ್ಚಿದ್ರಿ?"

"ಹಚ್ಚುದ್ ಎಂತ? ನಮ್ ಕಾಲಿಗ್ ಹಚ್ಚುದ್ನೇ ಅದ್ಕೂ ಹಚ್ಚದೆ. ಗೇರೆಣ್ಣಿ. ದಿನಾ ಎರ್ಡ್ ಹೊತ್ತ್ ನಾನೇ ಕೈಯಾರೆ ತಿಕ್ಕಿದ್ದ್."

ಗೇರುಬೀಜ ಸುಡುವಾಗ ಅದರ ಸಿಪ್ಪೆಯಿಂದ ಕಪ್ಪು ಎಣ್ಣೆ ಇಳಿಯುತ್ತದೆ. ಅದೇ ಗೇರೆಣ್ಣೆ. ಕಡಲ ಕರೆಯವರು ಹುಳ ಹೊಡೆಯದಿರಲೆಂದು ದೋಣಿಗೆ ಬಳಿಯುತ್ತಾರೆ, ಮನೆ ಕಟ್ಟುವವರು ಗೆದ್ದಲು ಹಿಡಿಯದಿರಲೆಂದು ತೊಲೆಗೆ ಬಳಿಯುತ್ತಾರೆ. ಗದ್ದೆಯ ಕೆಲಸದವರು ಹಿಮ್ಮಡಿ ಒಡೆದರೆ, ಕೆಸರು ತಿಂದು ಬೆರಳ ಸಂದು ಹುಣ್ಣಾದರೆ ಅದನ್ನೇ ಹಚ್ಚುತ್ತಾರೆ. ಮೈಯ ಎಳೆ ಚರ್ಮಕ್ಕೆ ತಾಗಿದರೆ ಸುಟ್ಟ ಹಾಗೆ ಬೊಕ್ಕೆ ಏಳುತ್ತದೆ ಎಂಬುದು ನಮ್ಮ ಕಡೆ ಮಕ್ಕಳಿಗೂ ಗೊತ್ತು. ಆದರೆ ಹುಟ್ಟಿದಾಗಿನಿಂದ ಬರಿಗಾಲಲ್ಲಿ ಕೆಸರು ತುಳಿದ ಹಿಮ್ಮಡಿ ಮರದ ತೊಗಟೆಯ ಹಾಗಿರುತ್ತದೆ, ಅದು ಸುಡುವುದಿಲ್ಲ. ಮುಖ್ಯವಾಗಿ, ಯಾವ ಮನುಷ್ಯನೂ ತನ್ನ ಹಿಮ್ಮಡಿಯನ್ನು ತಾನೇ ನೆಕ್ಕಿಕೊಳ್ಳುವುದಿಲ್ಲ.

ನಾಯಿಗೆ ಕೈಯೂ ನಾಲಿಗೆಯೇ, ಬಟ್ಟೆಯೂ ನಾಲಿಗೆಯೇ. ಕಾಲಿಗೆ ಏನು ತಾಗಿದರೂ ಅದು ಬಾಯಿಗೆ ಹೋಗುತ್ತದೆ. ಮಳೆಗಾಲವಿಡೀ ಗದ್ದೆಯ ಅಂಚಿನಲ್ಲಿ ಓಡಾಡಿ ಕೆಂಚನ ಬೆರಳ ಸಂದು ಒದ್ದೆಯಲ್ಲೇ ಇತ್ತು. ಅಲ್ಲಿ ರಕ್ತ ಹೀರುವ ಉಣುಗು ಕಚ್ಚಿ ಹಿಡಿದಿತ್ತು. ತುರಿಕೆಗೆ ಅದು ಕಾಲು ನೆಕ್ಕಲು ಶುರುಮಾಡಿತು. ಒಡತಿಗೆ ಕರುಳು ಚುರುಕ್ ಎಂದಿತು, ತನಗೆ ಗೊತ್ತಿದ್ದ ಅತ್ಯುತ್ತಮ ಮದ್ದನ್ನೇ ಹಚ್ಚಿದಳು. ಕಾಲು ಸುಟ್ಟಿತು, ನಾಯಿ ಹೆಚ್ಚು ಕಚ್ಚಿತು. ಹೆಚ್ಚು ಕಚ್ಚಿತೆಂದು ಅವಳು ಇನ್ನಷ್ಟು ಹಚ್ಚಿದಳು. ಕೊನೆಗೆ ಬಾಯಿಯೂ ಸುಟ್ಟು ಜೊಲ್ಲು ಸುರಿಯಿತು, ಅನ್ನ ನೀರು ಬೇಡವಾಯಿತು. ಆ ಉರಿಯಲ್ಲಿದ್ದಾಗ ಪಕ್ಕದಲ್ಲಿ ಹಾದವಳ ಕೈಗೆ ಬಾಯಿ ಹಾಕಿತು. ಊರಿನವರು ಹುಚ್ಚೆಂದರು.

ಇದನ್ನೆಲ್ಲ ನಾನು ಅಲ್ಲೇ, ಎಲ್ಲರ ಎದುರು, ಇದ್ದ ಹಾಗೆ ಹೇಳಿದೆ. ಮಂಜಯ್ಯ ಕೈ ತಟ್ಟಿ ನಕ್ಕ.

"ಕೇಂಡ್ರಾ! ನಾನ್ ವಿಷ ಹಾಕ್ದೆ ಅಂದ್ಳಲ್ದಾ? ಹಾಕ್ದೋಳ್ ಇವ್ಳೇ ಕಾಣಿ!"

ಅಕ್ಕಣಿ ತನ್ನ ಬೆರಳುಗಳನ್ನು ನೋಡಿಕೊಂಡಳು. ಮುಖದ ಬಣ್ಣ ಇಳಿಯಿತು. ಅಳುತ್ತಾಳೆ ಎಂದುಕೊಂಡೆ, ಅವಳು ನನ್ನ ಮೇಲೇ ಹಾಯ್ದಳು. "ಸುಳ್! ನಮ್ಮಜ್ಜಿ ಹಚ್ಚಿದ್, ನಮ್ಮಬ್ಬಿ ಹಚ್ಚಿದ್. ನಿಮ್ ಸೂಜಿ ಯಾರಿಗೂ ಬ್ಯಾಡ, ಅದ್ಕೆ ನಮ್ ಮದ್ದಿಗೆ ಹೆಸ್ರಿಡ್ತ್ರಿ!"

ಪಟೇಲರು ಬೇರೆ ಲೆಕ್ಕದ ಮನುಷ್ಯ. "ಹಂಗಾರೆ ಹುಚ್ಚಲ್ಲ ಅಂಬ್ದ್ ಗಟ್ಟಿಯಾ ಡಾಕ್ಟ್ರೇ?" ಎಂದು ಕೇಳಿದರು.

ಗಟ್ಟಿ ಎಂದು ಹೇಳಿ ಚಪ್ಪಾಳೆ ಗಿಟ್ಟಿಸಬಹುದಿತ್ತು. ಆದರೆ ಗೇರೆಣ್ಣೆ ಹಚ್ಚಿದ ನಾಯಿಗೆ ಹುಚ್ಚು ಬರಬಾರದೆಂಬ ನಿಯಮವೇನಿಲ್ಲ. ಕಚ್ಚಿದ ನಾಯಿಯನ್ನು ಕಟ್ಟಿಹಾಕಿ ಹತ್ತು ದಿನ ನೋಡಬೇಕು. ಕಚ್ಚುವಾಗ ರೋಗದ ವಿಷ ಅದರ ಜೊಲ್ಲಿನಲ್ಲಿ ಇದ್ದದ್ದೇ ಆದರೆ ಅಷ್ಟರೊಳಗೆ ರೋಗ ಬಲಿತು ಅದು ಸಾಯುತ್ತದೆ. ಹತ್ತು ದಿನ ಕಳೆದು ನೆಟ್ಟಗಿದ್ದರೆ ಕಚ್ಚಿಸಿಕೊಂಡವರಿಗೆ ಭಯವಿಲ್ಲ. ಇದು ಇಲಾಖೆಯ ಮಾತಷ್ಟೇ ಅಲ್ಲ, ರೋಗದ ಸ್ವಭಾವ.

"ಹತ್ ದಿನ ಕಾಂಬುದಾ?" ಮಂಜಯ್ಯನ ನಗು ಹೋಯಿತು. "ನನ್ ಮಗ್ಳ್ ಹತ್ ದಿನ ಎಂತ ಮಾಡ್ಕ್? ಅವ್ಳ್ ನಾಯಿ ಹಂಗೆ ಬೊಗ್ಳುದನ್ನ್ ನಾನ್ ಕಾಂತಾ ಕೂಕಣ್ಕಾ?"

ಅವನ ಮೇಲೆ ನನಗಿದ್ದ ಕೋಪ ಆ ಒಂದು ಕ್ಷಣ ಮಾತ್ರ ಇಳಿಯಿತು. ಹೇಳಿದೆ: "ಮಗಳ ಕೈಯನ್ನ ಸೋಪ್ ಹಾಕಿ ಚೆಂದ ಮಾಡಿ ತೊಳಿನಿ. ಇವತ್ತೇ ಕುಂದಾಪುರದ ಆಸ್ಪತ್ರೆಗೆ ಕರ್ಕಂಡ್ ಹೋಯ್ನಿ, ಇಂಜೆಕ್ಷನ್ ಶುರುಮಾಡ್ಸಿನಿ. ಹತ್ತನೇ ದಿನ ನಾಯಿ ಬದ್ಕಿ ಇದ್ರೆ ಅಲ್ಲಿಗೇ ನಿಲ್ಸುಕ್ ಆತ್ತ್. ಇವತ್ತ್ ಗುಂಡ್ ಹಾಕಿರೆ ಅದ್ಕ್ ಹುಚ್ಚಿತ್ತಾ ಇಲ್ಯಾ ಅಂಬ್ದ್ ನಾಯಿ ಒಟ್ಟಿಗೇ ಸಾಯ್ತ್. ಹದಿನಾಲ್ಕ್ ಸೂಜಿನೂ ಆ ಮಗು ಹೊಟ್ಟಿಗೇ. ಹಾಕಿ ಈಗ ಗುಂಡ್."

ಆಗಿನ ಆ ಇಂಜೆಕ್ಷನ್ ಹೊಟ್ಟೆಯ ಚರ್ಮಕ್ಕೆ ಕೊಡುವಂಥದ್ದು, ದೊಡ್ಡ ಆಳುಗಳೇ ಕೂಗಿಕೊಳ್ಳುತ್ತಿದ್ದರು. ಮಂಜಯ್ಯ ಕೋವಿಯನ್ನು ನೆಲಕ್ಕೆ ಊರಿದ. ನಾಯಿಯ ಮೇಲಿನ ಕರುಣೆಯಿಂದಲ್ಲ, ಮಗಳ ಹೊಟ್ಟೆಯ ನೆನಪಿನಿಂದ. ಹೋಗುವ ಮೊದಲು, "ಹತ್ತನೇ ದಿನ ಆಪುದ್ರೊಳಗೆ ನಾಯಿ ಸತ್ರೆ ಗುಂಡ್ ನಿಮ್ಗೆ ಡಾಕ್ಟ್ರೇ" ಎಂದ. ತಮಾಷೆಗೆ ಹೇಳಿದ್ದಲ್ಲ. ಪಟೇಲರು ತಮ್ಮದನ್ನೂ ಸೇರಿಸಿದರು: ನಾಯಿ ಬದುಕಿದರೆ ಯಡ್ತರೆಯ ದನಗಳೆಲ್ಲ ನನ್ನ ಸೂಜಿಗೆ ಬರುತ್ತವೆ, ಸತ್ತರೆ ಸೂಜಿ ಹಿಡಿದು ಈ ಊರಿಗೆ ಮತ್ತೆ ಬರಬಾರದು. ಸಿಟ್ಟಿನ ಭರದಲ್ಲಿ "ಆಯ್ತ್" ಎಂದುಬಿಟ್ಟೆ. ಒಂದು ಊರಿನ ಹಟ್ಟಿಗಳೆಲ್ಲ ಈಗ ಒಂದು ನಾಯಿಯ ನಾಲ್ಕು ಕಾಲಿನ ಮೇಲೆ ನಿಂತಿದ್ದವು.

ಮೊದಲು ಮಾಡಿದ್ದು ನಾಯಿಯ ಬಾಯಿಯನ್ನೂ ಕಾಲನ್ನೂ ಬೇರೆ ಮಾಡುವ ಕೆಲಸ. ಅಡಿಕೆಯ ಹಾಳೆ ತರಿಸಿ, ನೀರಲ್ಲಿ ನೆನೆಸಿ, ಕೊರಳ ಸುತ್ತ ಆಲಿಕೆಯ ಹಾಗೆ ಬಾಗಿಸಿ ಬಾಳೆ ಹಗ್ಗದಿಂದ ಹೊಲಿದೆ. ಅಕ್ಕಣಿ ಬೈಯುತ್ತಲೇ ನಾಯಿಯ ತಲೆಗೆ ಗೋಣಿ ಮುಚ್ಚಿ ಹಿಡಿದುಕೊಂಡಳು, ನಾನು ತೊಗಲಿನ ಕೈಗವಸು ಹಾಕಿಕೊಂಡು ಅದನ್ನು ತೊಡಿಸಿದೆ. ಈಗ ಕಾಲು ಕಚ್ಚಲು ಬಾಯಿ ಎಟಕುವುದಿಲ್ಲ, ನಮ್ಮ ಕೈಗೂ ಎಟಕುವುದಿಲ್ಲ. ಬೇಲಿಯಾಚೆ ನಿಂತವರಿಗೆ ನಗುವೋ ನಗು: "ಕೆಂಚಂಗೆ ಹಾಳಿ ಟೊಪ್ಪಿ! ಇನ್ನ್ ಗದ್ದಿ ಹೂಡುಕ್ ಹೋಪುದೊಂದೇ ಬಾಕಿ!"

ಗೇರೆಣ್ಣೆ ನೀರಿಗೆ ಬಿಡುವುದಿಲ್ಲ. ತೆಂಗಿನೆಣ್ಣೆಯಲ್ಲಿ ಅರಿವೆ ಅದ್ದಿ ಒರೆಸಿ ಒರೆಸಿ ತೆಗೆದು, ಆಮೇಲೆ ಅಂಟುವಾಳದ ನೊರೆಯಲ್ಲಿ ತೊಳೆದೆ. ಸಂದಿನಲ್ಲಿ ಅಡಗಿದ್ದ ಉಣುಗುಗಳನ್ನು ಚಿಮಟದಿಂದ ಬುಡದಲ್ಲಿ ಹಿಡಿದು ಮೆಲ್ಲಗೆ ಎಳೆದೆ. ತಲೆ ಒಳಗೇ ಮುರಿದರೆ ಅದೇ ಹುಣ್ಣಾಗುತ್ತದೆ. ಪೊಟ್ಯಾಸಿಯಂ ಪರ್ಮಾಂಗನೇಟನ್ನು ತೀರ ತೆಳ್ಳಗೆ ಕರಗಿಸಿ ಕಾಲು ಅದ್ದಿಸಿದೆ. ಮುಖ್ಯವಾದದ್ದು ಕೊನೆಯ ಕೆಲಸ, ಒಣಗಿಸುವುದು. ಬೆರಳ ಒಂದೊಂದು ಸಂದನ್ನೂ ಒಣ ಅರಿವೆಯಿಂದ ಒತ್ತಿ ಒರೆಸಿ, ಕೊಟ್ಟಿಗೆಯ ಒದ್ದೆ ನೆಲದಿಂದ ಎಬ್ಬಿಸಿ ಒಣ ಹುಲ್ಲಿನ ಮೇಲೆ ಕಟ್ಟಿಸಿದೆ. ಬಾಯಿಯ ಹುಣ್ಣಿಗೆ ಆರಿದ ಗಂಜಿ ತಿಳಿಯಲ್ಲದೆ ಬೇರೇನೂ ಬೇಡ, ಅದನ್ನೂ ಉದ್ದ ಕೋಲಿನ ಚಿಪ್ಪಿನ ಸೌಟಿನಿಂದ ದೂರ ನಿಂತು ಕೊಡಬೇಕು, ಜೊಲ್ಲು ಮುಟ್ಟಕೂಡದು ಎಂದು ಅಕ್ಕಣಿಗೆ ಹೇಳಿದೆ. ಅವಳು ಕೇಳಿಸಿಕೊಂಡಳೋ ಇಲ್ಲವೋ ತಿಳಿಯಲಿಲ್ಲ. ನನ್ನ ಮುಖ ನೋಡದೆ ನೆಲಕ್ಕೆ ಉಗಿದಳು.

ಆ ಹತ್ತು ದಿನ ನಾನು ಬೈಂದೂರಿನಿಂದ ದಿನಾ ನಡೆದು ಬಂದೆ. ಬಾಯಾರಿಕೆಗೆ ಒಂದು ಚೆಂಬು ನೀರು ಕೊಟ್ಟವರಿಲ್ಲ. ಮಂಜಯ್ಯ ಮಗಳನ್ನು ಹೆಂಡತಿಯ ಜೊತೆ ಕುಂದಾಪುರದಲ್ಲಿ ಬಿಟ್ಟು ಬಂದು, ತನ್ನ ಗದ್ದೆಯ ಅಂಚಿನಲ್ಲಿ ಕೋವಿಯನ್ನು ತೊಡೆಯ ಮೇಲಿಟ್ಟುಕೊಂಡು ಕೊಟ್ಟಿಗೆಯ ಕಡೆಗೇ ನೋಡುತ್ತ ಕೂತಿರುತ್ತಿದ್ದ. ಅಕ್ಕಣಿ ಅವನ ಕಡೆ ಬೆನ್ನು ಹಾಕಿ ಕೂತಿರುತ್ತಿದ್ದಳು. ನನ್ನ ಕಡೆಗೂ ಬೆನ್ನೇ. ನಾನು ಪುಡಿ ಏನಾದರೂ ಹಾಕಿದೆನೆಂಬ ಅನುಮಾನಕ್ಕೆ, ನಾಯಿಗೆ ಇಡುವ ಮೊದಲು ಗಂಜಿಯನ್ನು ನನ್ನ ಕಣ್ಣೆದುರೇ ತಾನು ಒಂದು ಗುಟುಕು ಕುಡಿದು ನೋಡುತ್ತಿದ್ದಳು. ಅವಮಾನ ಎಂದರೆ ಏನೆಂದು ನನಗೆ ಆಗ ಚೆನ್ನಾಗಿ ತಿಳಿಯಿತು. ನಡುವೆ ಒಂದು ದಿನ ನಾಯಿ ತಲೆಯೆತ್ತಲಿಲ್ಲ, ಗಂಜಿ ಮೂಸಲೂ ಇಲ್ಲ. ಮಂಜಯ್ಯ ಅಂಚಿನಿಂದ ಎದ್ದು ನಿಂತ. ಆ ಸಂಜೆ ಬೈಂದೂರಿಗೆ ಮರಳುವಾಗ, ದೇವಸ್ಥಾನದ ಚಾಕರಿಯನ್ನೇ ಹಿಡಿದಿದ್ದರೆ ತೀರ್ಥ ಕೊಟ್ಟುಕೊಂಡು ಸುಖವಾಗಿರುತ್ತಿದ್ದೆನಲ್ಲ ಎಂದು ಗಟ್ಟಿಯಾಗಿಯೇ ಗೊಣಗಿದೆ. ಮರುದಿನ ಹೋದಾಗ ಕೆಂಚ ಹಾಳೆಯ ಕೊರಳಪಟ್ಟಿಯನ್ನು ಬೋಗುಣಿಗೆ ಬಡಿಯುತ್ತ ಗಂಜಿ ನೆಕ್ಕುತ್ತಿತ್ತು. ಅಕ್ಕಣಿ ಆಗಲೂ ನನ್ನ ಕಡೆ ತಿರುಗಲಿಲ್ಲ, ಆದರೆ ಗಂಜಿಗೆ ಒಂದು ಮೀನಿನ ತಲೆ ಹಾಕಿದ್ದಳು.

ಹತ್ತನೆಯ ದಿನ ಕಳೆದ ಬೆಳಿಗ್ಗೆ ಊರೇ ನೆರೆದಿತ್ತು. ನಾನು ಕೊರಳಪಟ್ಟಿ ಬಿಚ್ಚಿದೆ. ಕೆಂಚ ಎದ್ದು ಮೈ ಕೊಡವಿ, ನಾಲ್ಕು ಕಾಲೂರಿ ನಿಂತು, ನೆರೆದವರಲ್ಲಿ ಸರಿಯಾಗಿ ಮಂಜಯ್ಯನನ್ನೇ ಆರಿಸಿ ಬೊಗಳಿತು. ಪಟೇಲರು ಮೀಸೆಯಡಿ ನಕ್ಕರು. ಮಂಜಯ್ಯ ಕೋವಿಯನ್ನು ಹೆಗಲಿಗೆ ಏರಿಸಿ, "ಹುಚ್ಚಿಲ್ಲ ಅಂದ್ರೂ ಕಚ್ಚದ್ದ್ ಕಚ್ಚದ್ದೇ" ಎಂದು ಹೇಳಿ, ಯಾರ ಮುಖವನ್ನೂ ನೋಡದೆ ಬಸ್ಸಿನ ದಾರಿ ಹಿಡಿದ. ಮಗಳನ್ನು ಕರೆತರುವ ಆತುರದಲ್ಲಿ ಅವನು ಹೆಚ್ಚುಕಡಿಮೆ ಓಡುತ್ತಿದ್ದ. ನನಗೆ ಯಾರೂ ಕೈ ಮುಗಿಯಲಿಲ್ಲ.

ಮಧ್ಯಾಹ್ನದಿಂದ ದನಗಳು ಬರಲು ಶುರುವಾದವು. ಕೊಟ್ಟ ಮಾತಿಗೆ ತಪ್ಪದ ಊರು, ಗೊಣಗದೆಯೂ ಇರದ ಊರು. ಸಂಜೆ ಎಲ್ಲರಿಗಿಂತ ಕೊನೆಗೆ ಅಕ್ಕಣಿ ತನ್ನ ಎರಡು ದನಗಳನ್ನು ಹೊಡೆದುಕೊಂಡು ಬಂದಳು. ನಾನು ಸಿರಿಂಜ್ ಎತ್ತಿದಾಗ ಅಡ್ಡ ನಿಂತಳು.

"ಚುಚ್ಚುಕ್ ಅಡ್ಡಿ ಇಲ್ಲೆ. ಆರೆ ಎಂತ ಚುಚ್ತ್ರಿ, ಅದ್ ಎಂತಕ್ಕೆ, ಮೊದ್ಲ್ ನಂಗ್ ಹೇಳಿ. ಕೇಣದೇ ಹಚ್ಚುಕಾಗ ಅಂದೇಳಿ ಕಲ್ಸ್ದೋರ್ ನೀವೇ ಅಲ್ದಾ?"

ಊರಿನವರೆಲ್ಲ ಕಾಯುತ್ತಿರುವಾಗ ಆ ಹೆಂಗಸಿಗೆ ಬಾಟಲಿ ತೋರಿಸಿ ರಿಂಡರ್‌ಪೆಸ್ಟಿನ ಪಾಠ ಹೇಳಬೇಕಾಯಿತು. ಹಲ್ಲು ಕಚ್ಚಿಕೊಂಡು ಹೇಳಿದೆ.

ನಂತರದ ನೌಕರಿಯಲ್ಲಿ ಕಾಲು ಕಚ್ಚಿಕೊಳ್ಳುವ ನಾಯಿಗಳನ್ನು ಲೆಕ್ಕವಿಲ್ಲದಷ್ಟು ನೋಡಿದ್ದೇನೆ. ಅದು ನಾಯಿಯ ಕೆಟ್ಟ ಚಾಳಿ ಎಂದು ಹೊಡೆಯುವ ಮೂರ್ಖರನ್ನೂ ನೋಡಿದ್ದೇನೆ. ಒಂದೇ ಕಾಲು ಕಚ್ಚಿಕೊಂಡರೆ ಅಲ್ಲಿ ಮುಳ್ಳೋ ಗಾಯವೋ ಕೀಲುನೋವೋ ಇರುತ್ತದೆ. ಎರಡು ಮೂರು ಕಾಲಾದರೆ ಒದ್ದೆ, ಉಣುಗು, ಕಜ್ಜಿ, ಅಥವಾ ತಿಂದದ್ದು ಮೈಗೆ ಒಗ್ಗದ ತುರಿಕೆ. ಏನೂ ಕಾಣದಿದ್ದರೆ ಬೇಸರ. ಇಡೀ ದಿನ ಕಟ್ಟಿಹಾಕಿದ ನಾಯಿ ಮಾಡುವುದಾದರೂ ಏನು? ಸಾಕಿದವರು ದಿನಕ್ಕೊಮ್ಮೆ ಬೆರಳು ಬಿಡಿಸಿ ನೋಡಬೇಕು, ಹೊರಗೆ ತಿರುಗಿ ಬಂದಾಗ ತೊಳೆದು ಒಣಗಿಸಬೇಕು, ಕೆಂಪಾಗಿ ಊದಿದ್ದರೆ, ವಾಸನೆ ಬಂದರೆ ಡಾಕ್ಟರ ಹತ್ತಿರ ಒಯ್ಯಬೇಕು. ತಮ್ಮ ಕಾಲಿಗೆ ಹಚ್ಚುವುದನ್ನು ಅದರ ಕಾಲಿಗೆ ಹಚ್ಚಬಾರದು. ಇಷ್ಟನ್ನು ಹೇಳಲು ಪದವಿ ಬೇಡ, ಆದರೆ ಕೇಳಿಸಿಕೊಳ್ಳಲು ಜನಕ್ಕೆ ಕಿವಿ ಬೇಕು.

ಅಕ್ಕಣಿಯನ್ನು ನಾನು ಮತ್ತೊಮ್ಮೆ ಕಂಡದ್ದು 1946ರ ಜನವರಿಯ ಚಳಿಯಲ್ಲಿ. ಯುದ್ಧ ಮುಗಿದಿತ್ತು, ನನಗೆ ವರ್ಗವಾಗಿತ್ತು. ಕೊನೆಯ ಸಲ ಬೈಂದೂರಿಗೆ ಬಂದವನು ಯಡ್ತರೆಯ ಕಡೆ ನಡೆದೆ. ಅವಳು ಅಂಗಳದಲ್ಲಿ ಕಾಲು ಚಾಚಿ ಕೂತಿದ್ದಳು. ಕೆಂಚ ಅವಳ ಪಾದದ ಬಳಿ ಮಲಗಿ, ನಾಯಿಗಳು ಪ್ರೀತಿಯವರಿಗೆ ಮಾಡುವ ಹಾಗೆ, ಅವಳ ಹಿಮ್ಮಡಿಯನ್ನು ನೆಕ್ಕುತ್ತಿತ್ತು. ಅದರ ಬೆರಳ ಸಂದುಗಳಲ್ಲಿ ಹೊಸ ಕೂದಲು ಹುಟ್ಟಿ ಕಾಲು ಚೆನ್ನಾಗಿತ್ತು. ಕೆಟ್ಟಿದ್ದು ಅವಳ ಕಾಲು. ಎರಡೂ ಹಿಮ್ಮಡಿ ಬೇಸಿಗೆಯ ಗದ್ದೆಯ ಹಾಗೆ ಸೀಳಿ, ಸೀಳಿನಲ್ಲಿ ರಕ್ತ ಹೆಪ್ಪುಗಟ್ಟಿತ್ತು.

"ಎಂತ ಅಕ್ಕ, ಗೇರೆಣ್ಣಿ ಮುಗಿತಾ?" ಎಂದೆ. ಚುಚ್ಚಿಯೇ ಕೇಳಿದ್ದು.

ಅವಳು ಕಣ್ಣು ಕೆಕ್ಕರಿಸಿದಳು. "ಡಾಕ್ಟ್ರೇ, ನಿಮ್ಗ್ ಕಣ್ ಕಾಂತಿಲ್ಯಾ? ಇದ್ ದಿನಾ ನನ್ ಕಾಲ್ ನೆಕ್ಕತ್ತ್. ನಾನ್ ಹಚ್ಕಂಡ್ರೆ ಇದ್ರ್ ಬಾಯಿ ಸುಡುದಿಲ್ಯಾ? ಅವತ್ತಿಂದ ಈ ಮನಿಯಂಗೆ ಒಂದ್ ಹನಿ ಗೇರೆಣ್ಣಿ ಇಲ್ಲ."

ನಾನು ನಾಯಿಯ ಕಾಲು ನೋಡಿದ್ದೆ, ಬಾಯಿ ನೋಡಿದ್ದೆ, ಅವಳ ಕೈಯನ್ನೂ ನೋಡಿದ್ದೆ. ಅವಳ ಕಾಲಿನ ಯೋಚನೆ ನನಗೆ ಬಂದೇ ಇರಲಿಲ್ಲ. ಎರಡು ಚಳಿಗಾಲ ಅವಳು ಆ ಸೀಳಿದ ಹಿಮ್ಮಡಿಯಲ್ಲೇ ಗದ್ದೆಗೆ ಇಳಿದಿದ್ದಳು. ಬಾಯಿಗೆ ಬಂದದ್ದನ್ನೆಲ್ಲ ಅಂದಿದ್ದ ಆ ಹೆಂಗಸು ನಾನು ಹೇಳಿದ ಒಂದೇ ಒಂದು ಮಾತನ್ನು ನನಗಿಂತ ದೂರ ನಡೆಸಿದ್ದಳು.

ನನ್ನ ಚೀಲದಲ್ಲಿ ಹಸುವಿನ ಮೊಲೆ ಒಡೆದರೆ ಹಚ್ಚುವ ಮುಲಾಮಿನ ಡಬ್ಬಿ ಇತ್ತು. ಅದನ್ನು ಅವಳ ಮುಂದಿಟ್ಟೆ. "ಹಸುವಿನ ಮೊಲಿಗೆ ಹಚ್ಚುದ್. ಕರು ಕುಡದ್ರೂ ತೊಂದ್ರಿ ಇಲ್ಲ, ನಾಯಿ ನೆಕ್ಕಿದ್ರೂ ತೊಂದ್ರಿ ಇಲ್ಲ" ಎಂದೆ.

ಮದ್ದು ಹಚ್ಚುವ ಮೊದಲು ಅದು ಕೊನೆಗೆ ಯಾರ ಬಾಯಿಗೆ ಹೋಗುತ್ತದೆಂದು ನೋಡಬೇಕು. ಮೂವತ್ತು ವರ್ಷದ ನೌಕರಿ ನನಗೆ ಕಲಿಸಿದ್ದು ಇಷ್ಟೇ, ಅದನ್ನೂ ಕಲಿತದ್ದು ಆ ಅಂಗಳದಲ್ಲಿ. ಅಕ್ಕಣಿ ಡಬ್ಬಿಯ ಮುಚ್ಚಳ ತೆಗೆದು ಮೂಸಿದಳು. ನನ್ನನ್ನು ಒಮ್ಮೆ ಅನುಮಾನದಿಂದ ನೋಡಿದಳು. ಆಮೇಲೆ ಕಿರುಬೆರಳಲ್ಲಿ ಒಂದಿಷ್ಟು ತೆಗೆದು ಮೊದಲು ತನ್ನ ನಾಲಿಗೆಗೆ ಇಟ್ಟುಕೊಂಡು, ಸುಡುತ್ತದೆಯೇ ಎಂದು ಸುಮ್ಮನೆ ಕೂತು ಕಾದಳು.